ದಿನಕ್ಕೆ ಬಾರಾ

ಮೆಣಸಿನಕಾಯಿ ಎಂಬ ಅಡ್ಡಹೆಸರಿನವರೆಲ್ಲ ಖಾರವಾಗಿರುವುದಿಲ್ಲ, ಬೆಲ್ಲದ ಎಂಬವರ ಮನೆಯ ಚಹಾ ಸಪ್ಪಗೂ ಇರಬಹುದು. ಧಾರವಾಡದ ಕಡೆ ಇದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಪುಣೆಯ ಹತ್ತಿರದ ತಳೇಗಾಂವ ದಾಭಾಡೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಪಂಢರಿನಾಥ ಕುದರಿಯವರು ಅಲ್ಲಿ ಆರು ವರ್ಷ ಮಾನದಿಂದ ಬಾಳಿದರು.

ಪಿಂಪ್ರಿಯ ಒಂದು ಬಾಟಲಿ ಮುಚ್ಚಳದ ಕಾರ್ಖಾನೆಯಲ್ಲಿ ಅವರು ಟೈಮ್ ಕೀಪರ್. ಯಾರು ಎಷ್ಟು ಗಂಟೆಗೆ ಬಂದರು ಎಂದು ಬರೆದಿಡುವುದು ಅವರ ಕೆಲಸ. ತಾವು ಮಾತ್ರ ದಿನಾ ಏಳು ನಿಮಿಷ ತಡ. ಸಂಜೆ ಲೋಕಲ್ ಇಳಿದು ಸ್ಟೇಷನ್ನಿನಿಂದ ಕಾಲನಿಯವರೆಗೆ ಕೃಷ್ಣಾಜಿಯ ಟಾಂಗಾದಲ್ಲಿ ಬರುತ್ತಿದ್ದರು. ಆಟೋ ಇದ್ದವು, ಟಮಟಮ ಇದ್ದವು. ಆದರೆ ಟಾಂಗಾದ ಮುಂದಿನ ಸೀಟಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತು ಕಾಲನಿಯ ಗೇಟು ಹೊಗುವ ಗತ್ತು ಟಮಟಮದಲ್ಲಿ ಎಲ್ಲಿಂದ ಬರಬೇಕು?

ಒಂದು ದಿನ ಕೃಷ್ಣಾಜಿ ಕೇಳಿದ, "ಸಾಹೇಬ, ಕುದರಿ ಅಂದ್ರೆ ಏನು?" ಅವನು ಮಾತಾಡಿದ್ದು ಮರಾಠಿ, ನಾನು ಕನ್ನಡ ಮಾಡಿ ಹೇಳುತ್ತಿದ್ದೇನೆ. ಪಂಢರಿನಾಥರು "ಕುದುರೆ" ಎಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಗಾಳಿ ತಂಪಾಗಿತ್ತು, ಕುದುರೆಯ ಕೊರಳಗೆಜ್ಜೆ ಹಿತವಾಗಿ ಕೇಳುತ್ತಿತ್ತು. "ನಮ್ಮ ಅಜ್ಜ ಸಂಸ್ಥಾನದಲ್ಲಿ ಮುನ್ನೂರು ಕುದುರೆಗಳ ಮೇಲಿನ ಅಧಿಕಾರಿ," ಎಂದುಬಿಟ್ಟರು. ಯಾವ ಸಂಸ್ಥಾನ ಎಂದು ಕೇಳಿದಾಗ ಅವರಿಗೆ ಕೆಮ್ಮು ಬಂತು.

ನಿಜ ಸಂಗತಿ ಏನೆಂದರೆ, ಅವರ ಮುತ್ತಜ್ಜ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಯಾವುದೋ ವ್ಯಾಪಾರಿಯ ಕುದುರೆ ಹಿಂದಿನಿಂದ ಒದ್ದಿತ್ತು. ಹನ್ನೊಂದು ದಿನ ಬೋರಲು ಮಲಗಿದರು. ಊರವರು ನೋಡಲು ಬಂದರು, ಹೆಸರಿಟ್ಟು ಹೋದರು. ಅಂದಿನಿಂದ ಆ ಮನೆತನದಲ್ಲಿ ಯಾರೂ ಕುದುರೆಯ ಹತ್ತಿರ ಸುಳಿದವರಲ್ಲ. ಟಾಂಗಾ ಹತ್ತುವಾಗಲೂ ಪಂಢರಿನಾಥರು ಗಾಡಿಯ ಹಿಂದಿನಿಂದ ಸುತ್ತು ಹಾಕಿ ಬರುತ್ತಿದ್ದರು.

ತೊಂಬತ್ತೆಂಟರ ಜೂನಿನ ಒಂದು ಭಾನುವಾರ ಬೆಳಿಗ್ಗೆ ಕೃಷ್ಣಾಜಿ ಬಂದ. ಟಾಂಗಾ ಇರಲಿಲ್ಲ, ಕುದುರೆ ಒಂದೇ ಇತ್ತು. ಕಂದು ಬಣ್ಣದ, ಹಣೆಯ ಮೇಲೆ ಬಿಳಿ ಬೊಟ್ಟಿನ ಆ ಕುದುರೆಯ ಹೆಸರು ಸರ್ದಾರ.

"ಸಾಹೇಬ, ಹನ್ನೊಂದು ವರ್ಷದಿಂದ ಆಸೆ. ಈ ಸಲ ವಾರಿಗೆ ಹೊರಟೆ, ಪಂಢರಪುರದವರೆಗೆ ಕಾಲ್ನಡಿಗೆ. ಇಪ್ಪತ್ತು ದಿನ. ಸರ್ದಾರನ್ನ ಯಾರ ಹತ್ತಿರ ಬಿಡಲಿ ಅಂತ ದೇವರನ್ನೇ ಕೇಳಿದೆ. ದೇವರು ಹೇಳಿದ, ಹುಚ್ಚಾ, ನಿನ್ನ ಟಾಂಗಾದಾಗೇ ದಿನಾ ಕೂಡತಾನಲ್ಲ! ಹೆಸರು ಪಂಢರಿನಾಥ, ಅಡ್ಡಹೆಸರು ಕುದುರೆ, ಅಂತ. ಆ ಪಂಢರಿನಾಥನ ಕಡೆ ನಾನು ಹೋಗ್ತೀನಿ, ಈ ಪಂಢರಿನಾಥನ ಕಡೆ ಇವನು ಇರ್ತಾನೆ." ಇಷ್ಟು ಹೇಳಿ ಕಾಲಿಗೆ ಬಿದ್ದ.

ಪಂಢರಿನಾಥರು ಮೇಲೆ ನೋಡಿದರು. ಮೂರು ಮಜಲಿನ ಬಾಲ್ಕನಿಗಳ ತುಂಬ ಜನ. ನಡುವೆ ಸೊಸೈಟಿಯ ಚೇರಮನ್ ಖಳದಕರ, ಹಲ್ಲುಜ್ಜುವ ಬ್ರಷ್ ಬಾಯಲ್ಲೇ ಇಟ್ಟುಕೊಂಡು ನೋಡುತ್ತಿದ್ದರು. ಮುನ್ನೂರು ಕುದುರೆಗಳ ಅಧಿಕಾರಿಯ ಮೊಮ್ಮಗ ಒಂದು ಕುದುರೆಗೆ ಹೆದರಿದ ಎಂದರೆ ನಾಳೆ ಯಾವ ಮುಖದಲ್ಲಿ ನಳದ ನೀರಿಗೆ ಪಾಳಿ ಹಚ್ಚುವುದು?

ಕೃಷ್ಣಾಜಿ ಎದ್ದು ಕಣ್ಣೊರೆಸಿಕೊಂಡು ಮುಖ್ಯ ಮಾತಿಗೆ ಬಂದ. ಆಷಾಢ ಏಕಾದಶಿ ಕಳೆದ ಮೂರನೆಯ ದಿನ ಊರಿನ ಕಚೇರಿಯವರು ಟಾಂಗಾ ಕುದುರೆಗಳ ತಪಾಸಣೆ ಇಟ್ಟಿದ್ದಾರೆ. ಜನಾವರ ಡಾಕ್ಟರು ನೋಡಿ ಸೈ ಎಂದರೆ ಪರವಾನಗಿಯ ಹಿತ್ತಾಳೆ ಬಿಲ್ಲೆ ಉಳಿಯುತ್ತದೆ. ಕುದುರೆ ಬಡಕಲಾದರೂ ಬಿಲ್ಲೆ ಹೋಯಿತು, ಬೊಜ್ಜು ಬಂದರೂ ಹೋಯಿತು. ನಲವತ್ತು ಟಾಂಗಾ ಇದ್ದ ಊರಲ್ಲಿ ಈಗ ಏಳು ಉಳಿದಿವೆ. ಆ ಏಳೂ ತೊಲಗಲಿ ಎಂದು ಕಚೇರಿಗೆ ಮನಸ್ಸು. "ಹೋದ ವರ್ಷ ನಾನು ಊರಿಗೆ ಹೋದಾಗ ನನ್ನ ಮೈದುನ ನೋಡಿಕೊಂಡ. ಪ್ರೀತಿಗೆ ಸಿಕ್ಕಾಪಟ್ಟೆ ತಿನ್ನಿಸಿದ, ಮೂರು ದಿನ ಹೊಟ್ಟೆನೋವು. ಹುಲ್ಲಿನದೇ ಎಲ್ಲಾ ಹಿಕಮತಿ, ಸಾಹೇಬ. ನಿಮಗೆ ನಾನೇನು ಹೇಳೋದು? ಆದರೂ ಹೇಳ್ತೀನಿ: ದಿವಸಾಲಾ ಭಾರಾ. ಕಮೀ ನಾಹೀ, ಜಾಸ್ತ ನಾಹೀ."

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ಮರಾಠಿಯಲ್ಲಿ ದಿವಸಾಲಾ ಎಂದರೆ ದಿನಕ್ಕೆ, ಭಾರಾ ಎಂದರೆ ಒಂದು ಹೊರೆ, ತಲೆಯ ಮೇಲೆ ಹೊತ್ತು ತರುವಷ್ಟು ಹುಲ್ಲು. ಬಾರಾ ಎಂದರೆ ಹನ್ನೆರಡು. ಎರಡರ ನಡುವೆ ಇರುವುದು ಒಂದು ಉಸಿರು ಮಾತ್ರ. ಆದರೆ ನಮ್ಮ ಕಡೆಯ ಕಿವಿಗೂ ನಾಲಿಗೆಗೂ ಮಹಾಪ್ರಾಣ ಎಂದರೆ ಹುಟ್ಟಾ ವೈರ. ತಮ್ಮ ಹೆಸರಿನಲ್ಲೇ ಎರಡು ಮಹಾಪ್ರಾಣ ಇಟ್ಟುಕೊಂಡು ಜನ್ಮವೆಲ್ಲ 'ಪಂಡ್ರಿನಾತ' ಎಂದು ಹೇಳಿಕೊಂಡು ಬಂದ ಮಹಾನುಭಾವರು ಅವರು. ಕೃಷ್ಣಾಜಿ ಒಂದು ಹೊರೆ ಎಂದ, ಅವರಿಗೆ ಹನ್ನೆರಡು ಎಂದು ಕೇಳಿಸಿತು.

ಹನ್ನೆರಡು ಏನು? ಹಿಡಿಯೋ, ಸಿವುಡೋ, ಕಿಲೋನೋ? ಕೇಳಿದರೆ ಅಜ್ಜನ ಅಧಿಕಾರ ಹೋಗುತ್ತದೆ. "ಮಾಹೀತ ಆಹೇ, ಗೊತ್ತದ ಗೊತ್ತದ," ಎಂದು ಕೈಯಾಡಿಸಿದರು. ಕೃಷ್ಣಾಜಿ ಸರ್ದಾರನ ಹಣೆಗೆ ಹಣೆ ಹಚ್ಚಿ ನಿಂತ. ಆಮೇಲೆ ತಿರುಗಿ ನೋಡದೆ ಹೊರಟುಹೋದ.

ಹುಲ್ಲಿನ ವ್ಯವಸ್ಥೆ ಮೊದಲೇ ಆಗಿತ್ತು. ಪೇಟೆಯಲ್ಲಿ ಕೃಷ್ಣಾಜಿಯ ಷಡ್ಡಕನ ಹುಲ್ಲಿನ ಅಡ್ಡೆ. ಸಾಹೇಬರು ಹೇಳಿದಷ್ಟು ಕಳಿಸು ಎಂದು ಅವನಿಗೆ ಹೇಳಿ ಹೋಗಿದ್ದ. ಪಂಢರಿನಾಥರು ಹೋಗಿ ನಿಂತರು.

"ಕಿತೀ?" ಎಷ್ಟು, ಎಂದ ಹುಲ್ಲಿನವ.

"ಬಾರಾ."

ಹುಲ್ಲಿನವ ತಲೆಯೆತ್ತಿ ನೋಡಿದ. "ಬಾರಾ ಭಾರೇ?" ಹನ್ನೆರಡು ಹೊರೆಯೇ, ಎಂದು ಕೇಳಿದ.

ಇವನಿಗೆ ಕಿವಿ ಸ್ವಲ್ಪ ಮಂದ, ಹೇಳಿದ್ದನ್ನೇ ಎರಡು ಸಲ ಹೇಳುತ್ತಾನೆ ಎಂದುಕೊಂಡರು ಪಂಢರಿನಾಥರು. ಗಟ್ಟಿಯಾಗಿ ಕೂಗಿ ಹೇಳಿದರು, "ಹೋ ಹೋ, ಬಾರಾ ಬಾರಾ! ರೋಜ!"

ಒಂದು ತಾಸಿನಲ್ಲಿ ಎತ್ತಿನ ಗಾಡಿ ಕಾಲನಿಗೆ ಬಂತು. ಹನ್ನೆರಡು ಹೊರೆ ಹುಲ್ಲು ಪಾರ್ಕಿಂಗಿನಲ್ಲಿ ಇಳಿಯಿತು. ಹೆಂಡತಿ ರಾಧಾಬಾಯಿ ಅಡಿಗೆಮನೆಯ ಕಿಟಕಿಯಿಂದ ಇಣುಕಿ, "ಅಯ್ಯ ನಮ್ಮವ್ವಾ! ಇದೇನ್ರೀ ಇದು, ಲಗ್ನದ ಊಟಾನ?" ಎಂದರು.

"ನಿನಗೇನ ತಿಳೀತದ? ಕುದುರಿ ಅಂದ್ರ ಕುದುರಿ. ಹನ್ನೆರಡು ಬೇಕು."

ಸರ್ದಾರ ಬೆಳಗಿನಿಂದ ಸಂಜೆಯವರೆಗೆ ನಿಧಾನಕ್ಕೆ ಮೆಲ್ಲುತ್ತ ಒಂದು ಹೊರೆ ಮುಗಿಸಿದ, ನೀರು ಕುಡಿದ, ಬಾಲ ಬೀಸಿದ, ನಿಂತ. ಎರಡನೆಯ ಹೊರೆಯನ್ನು ಮೂಸಿಯೂ ನೋಡಲಿಲ್ಲ. ಪಂಢರಿನಾಥರು ಹೊರೆಗಳನ್ನು ಎಣಿಸಿದರು. ಹನ್ನೆರಡರಲ್ಲಿ ಹನ್ನೊಂದು ಹಾಗೇ ಬಿಟ್ಟಿದೆ! ಉಪವಾಸ ಬಿದ್ದಿದೆ ಮೂಕ ಪ್ರಾಣಿ!

"ಹೊಸಾ ಜಾಗಾ, ಸಂಕೋಚ ಇರ್ತದ್ರೀ," ಎಂದರು ರಾಧಾಬಾಯಿ. "ನೀವೂ ಅಳ್ಯಾ ಆಗಿ ಬಂದಾಗ ಮೊದಲನೇ ದಿನಾ ಎರಡ ರೊಟ್ಟಿಗೆ ಸಾಕು ಅಂದಿದ್ರಿ."

"ಆಮ್ಯಾಲ?"

"ಆಮ್ಯಾಲೇನು, ಮೂರನೇ ದಿನಾ ನಮ್ಮವ್ವ ಹಿಟ್ಟ ಬೀಸಾಕ ಹೋಗಿದ್ಲು."

ಮರುದಿನ ಮತ್ತೆ ಹನ್ನೆರಡು ಬಂತು. ಸರ್ದಾರ ಮತ್ತೆ ಒಂದು ತಿಂದ. ಸುದ್ದಿ ಮೂರು ಮಜಲು ಹತ್ತಿ ಇಳಿಯಿತು: ಕುದುರೆ ಅನ್ನ ನೀರು ಬಿಟ್ಟಿದೆ. ಕಾಲನಿಯಲ್ಲಿ ಔಷಧಿಗೆ ಬರ ಇರಬಹುದು, ಸಲಹೆಗೆ ಇರಲಿಲ್ಲ. ಖಳದಕರರ ಹೆಂಡತಿ, "ಒಡೆಯ ವಾರಿಗೆ ಹೋದ, ಅದಕ್ಕೂ ವಿಠ್ಠಲನ ಧ್ಯಾಸ ಹತ್ತಿದೆ. ಅಭಂಗ ಕೇಳಿಸಿರಿ," ಎಂದರು. ಸಂಜೆ ಮಹಿಳಾ ಮಂಡಳದವರು ತಾಳ ತಗೊಂಡು ಕುದುರೆಯ ಎದುರು ಚಾಪೆ ಹಾಸಿದರು. ಎರಡನೆಯ ಅಭಂಗಕ್ಕೆ ಸರ್ದಾರ ತಿರುಗಿ ನಿಂತ. ಮೂರನೆಯದಕ್ಕೆ ಪ್ರತಿಕ್ರಿಯೆ ಬಂತು, ಆದರೆ ಬಂದ ದಿಕ್ಕು ಬೇರೆ. ಮುಂದಿನ ಸಾಲಿನವರು ಚಾಪೆ ಹಿಂದೆ ಎಳೆದುಕೊಂಡರು. ಉಪವಾಸ ಬಿದ್ದ ಪ್ರಾಣಿ ಬುಟ್ಟಿಗಟ್ಟಲೆ ಲದ್ದಿ ಹಾಕುವುದು ಹೇಗೆ ಎಂದು ಒಬ್ಬರಿಗಾದರೂ ಹೊಳೆಯಬಾರದೆ? ಹೊಳೆಯಲಿಲ್ಲ.

ಹುಲ್ಲು ಸೇರದಿದ್ದರೆ ಬೇರೆ ಏನಾದರೂ ಸೇರಲಿ ಎಂದು ಪಂಢರಿನಾಥರು ನೆನೆಸಿದ ಕಡಲೆ ತಂದರು, ಬೆಲ್ಲ ತಂದರು. ರಾಧಾಬಾಯಿಗೂ ಕರುಳು ಚುರ್ ಎಂದು ದಿನಕ್ಕೆ ಹನ್ನೊಂದು ಜೋಳದ ರೊಟ್ಟಿ ಬಡಿಯಲು ಕೂತರು. ಇವಕ್ಕೆ ಮಾತ್ರ ಸರ್ದಾರ ಬೇಡ ಎನ್ನಲಿಲ್ಲ. ಬೆಲ್ಲ ಬೇಡ ಎನ್ನುವ ಕುದುರೆ ಇನ್ನೂ ಹುಟ್ಟಬೇಕು.

ನಾಲ್ಕನೆಯ ದಿನಕ್ಕೆ ಮಳೆ ಹಿಡಿಯಿತು. ಹುಲ್ಲು ತೋಯಬಾರದೆಂದು ಜಿನೆಯ ಮೆಟ್ಟಿಲುಗಳ ಮೇಲೆ, ಸಭಾಗೃಹದಲ್ಲಿ, ವಾಚ್‌ಮನ್‌ನ ಕೋಣೆಯಲ್ಲಿ ಒಟ್ಟಿದರು. ಜನ ಮನೆಗೆ ಹೋಗಬೇಕಾದರೆ ಹುಲ್ಲು ಸರಿಸಿ ಗಂಟೆ ಒತ್ತಬೇಕು. ಖಳದಕರರು ಬೋರ್ಡಿನ ಮೇಲೆ ನೋಟೀಸು ಹಚ್ಚಿದರು: ಜಿನೆಯ ಮೇಲೆ ಮೇವು ಇಡತಕ್ಕದ್ದಲ್ಲ. ಸಂಜೆಯೊಳಗೆ ಬೋರ್ಡೇ ಹುಲ್ಲಿನ ಹಿಂದೆ ಹೋಯಿತು. ತಮ್ಮ ಸ್ಕೂಟರ್ ಕಳವಾಗಿದೆ ಎಂದು ಅವರು ಪೊಲೀಸ್ ಚೌಕಿಗೆ ಫಿರ್ಯಾದಿ ಕೊಟ್ಟರು. ಎರಡು ದಿನದ ಮೇಲೆ ಹವಾಲದಾರ ಬಂದು ಹುಲ್ಲಿನ ಬಣವೆಗೆ ಲಾಠಿ ಚುಚ್ಚಿದಾಗ ಒಳಗಿಂದ ಹಾರ್ನ್ ಬಡಿಯಿತು.

ಆರನೆಯ ದಿನ ತಾಲೂಕು ಕಚೇರಿಯಿಂದ ಒಬ್ಬ ಕಾರಕೂನ ಬಂದ. ಬರ ಬಿದ್ದಾಗ ಜನಾವರಗಳಿಗೆ ಸರ್ಕಾರ ನಡೆಸುವ ಮೇವಿನ ಛಾವಣಿ ಇಲ್ಲಿ ಯಾರೋ ಗುಟ್ಟಾಗಿ ತೆರೆದಿದ್ದಾರೆ ಎಂದು ಅವನಿಗೆ ವರದಿ ಹೋಗಿತ್ತು. ಕನ್ನಡಕ ಏರಿಸಿ ಬರೆದುಕೊಂಡ.

"ಒಟ್ಟು ಮೇವು?"

"ಅರವತ್ತಾರು ಹೊರೆ ಶಿಲ್ಲಕು," ಎಂದರು ಖಳದಕರ. ದ್ವೇಷಕ್ಕೆ ಪೂರಾ ಎಣಿಸಿಟ್ಟಿದ್ದರು.

"ಜನಾವರ?"

"ಒಂದು."

ಕಾರಕೂನ ಕನ್ನಡಕ ಇಳಿಸಿದ. "ಇಪ್ಪತ್ತೆರಡು ವರ್ಷ ನೌಕರಿ ಮಾಡಿದೆ. ಜನಾವರ ಜಾಸ್ತಿ, ಮೇವು ಕಮ್ಮಿ, ಇದನ್ನೇ ನೋಡಿದೆ. ಇಷ್ಟು ಚಂದ ನಡೆಸಿದ ಛಾವಣಿ ಇಡೀ ಜಿಲ್ಲೆಯಲ್ಲಿ ಇಲ್ಲ," ಎಂದು ಪಂಢರಿನಾಥರ ಕೈ ಕುಲುಕಿ ಹೋದ.

ಪಂಢರಿನಾಥರಿಗೆ ಅದರಿಂದ ಹಿಗ್ಗು ಬರಲಿಲ್ಲ. ಆ ಹೊತ್ತಿಗೆ ಸರ್ದಾರನ ಹೊಟ್ಟೆ ತಾಳಮದ್ದಳೆಯ ಮದ್ದಳೆಯಾಗಿತ್ತು. ಅವತ್ತು ಅವನು ರೊಟ್ಟಿಯನ್ನೂ ಮುಟ್ಟಲಿಲ್ಲ. ತಲೆ ಇಳಿಬಿಟ್ಟು, ಮುಂಗಾಲಿನಿಂದ ನೆಲ ಕೆರೆಯುತ್ತ, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿದ್ದ. ಬಿಲ್ಲೆ ಹೋಯಿತು ಎಂದುಕೊಂಡರು ಪಂಢರಿನಾಥರು. ಬಿಲ್ಲೆ ಹಾಳಾಗಲಿ, ಕುದುರೆಯೇ ಹೋದರೆ? ಇಷ್ಟು ದೂರ ನಡೆದು, ಕಾಲು ಬೊಕ್ಕೆ ಬಂದು, ವಿಠ್ಠಲನ ಪಾದ ಹಿಡಿದು ಬಂದ ಆ ಮನುಷ್ಯನಿಗೆ ಏನೆಂದು ಹೇಳುವುದು? ಅವರಿಗೆ ಅಳು ಬಂತು. ಹುಲ್ಲಿನ ಹೊರೆಯ ಮೇಲೆ ಕೂತು ಅತ್ತರು.

ಕಾಲನಿಯ ಪಕ್ಕದಲ್ಲಿ ಹೊಸ ಬಿಲ್ಡಿಂಗು ಏಳುತ್ತಿತ್ತು. ಅಲ್ಲಿ ಇಟ್ಟಂಗಿ ಹೊರುವ ಸಕ್ಕುಬಾಯಿ, ಆಳಂದದ ಕಡೆಯವಳು, ದಿನಾ ನೀರಿಗೆ ಬರುತ್ತಿದ್ದಳು. ಕೊಡ ಕೆಳಗಿಟ್ಟು ಕುದುರೆಯನ್ನೂ ನೋಡಿದಳು, ಕುದರಿಯವರನ್ನೂ ನೋಡಿದಳು.

"ಯಾಕ್ರೀ ಅಣ್ಣಾರ, ಅಳ್ಲಕತ್ತೀರಿ?"

"ಏನೂ ತಿನ್ನವಲ್ದವಾ ತಂಗಿ. ಹನ್ನೆರಡು ಹಾಕಬೇಕು, ಒಂದ ತಿಂತದ."

"ಹನ್ನೆರಡ ಏನ್ರಿ?"

"ಹೊರಿ."

ಸಕ್ಕುಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಮ್ ಮಾವ ತಟ್ಟು ಕಟ್ಟಿದ್ರಿ. ನಲವತ್ತ ವರ್ಸ ಅದರ ಮ್ಯಾಲ ಸಂತಿ ಮಾಡ್ಯಾನ. ಹನ್ನೆರಡ ಹೊರಿ ತಿನ್ಲಾಕ ಇದೇನು ಕುದ್ರಿನೋ, ಮಿಲ್ಲೋ? ಯಾರ್ರೀ ಹೇಳ್ಯಾರ ನಿಮಗ?"

"ಕೃಷ್ಣಾಜಿನ ಹೇಳ್ಯಾನ. ದಿವಸಾಲಾ ಬಾರಾ ಅಂತ."

ಅವಳು 'ಬಾರಾ' ಎಂದು ತಾನೂ ಒಮ್ಮೆ ಅಂದು ನೋಡಿದಳು. ಆಮೇಲೆ ನಗಲು ಸುರು ಮಾಡಿದವಳು ಕೊಡದ ಮೇಲೆ ಕುಸಿದು ಕೂತಳು. "ಅಯ್ಯೋ ನನ್ನಪ್ಪಾ! ಇಲ್ಲಿ ಮಂದಿ ಹೊರಿಗೇ ಬಾರಾ ಅಂತಾರ್ರೀ! ನಮ್ ಮುಕಾದಮ ದಿನಾ ಒದರ್ತಾನ, ಬಾರಾ ಉಚಲ, ಬಾರಾ ಉಚಲ, ಹೊರಿ ಎತ್ತು ಅಂತ. ಮೊದಲ ದಿನ ನಾನೂ ಹನ್ನೆರಡ ಇಟ್ಟಂಗಿ ಎಣಿಸಿ ಎಣಿಸಿ ಹೊತ್ತೀನ್ರೀ!"

ಅಷ್ಟರಲ್ಲಿ ಕಾಲೇಜಿನಿಂದ ಬಂದ ಮಗಳು ನೀಲಿಮಾ ಮಾತು ಕೇಳಿಸಿಕೊಂಡು ಹಣೆ ಚಚ್ಚಿಕೊಂಡಳು. "ಅಪ್ಪಾ, ಬಾರಾ ಅಲ್ಲ, ಭಾರಾ! ಭ! ಭ! ಒಂದ ಹೊರಿ!" ಅಡಿಗೆಮನೆಯ ಕಿಟಕಿಯಲ್ಲಿ ರಾಧಾಬಾಯಿ ಅವತ್ತಿನ ಹನ್ನೊಂದನೆಯ ರೊಟ್ಟಿಯನ್ನು ಹಂಚಿನ ಮೇಲೆ ಬಿಟ್ಟು ಹೊರಗೆ ಬಂದರು. ಅವರು ಅಂದ ಮಾತುಗಳನ್ನು ಇಲ್ಲಿ ಬರೆಯುವುದು ಮರ್ಯಾದೆಯಲ್ಲ.

ನಗುವುದಕ್ಕೆ ಸಮಯವಿರಲಿಲ್ಲ. ಸಕ್ಕುಬಾಯಿ ಕಡಲೆ ಬೆಲ್ಲದ ಬುಟ್ಟಿ ದೂರ ಇಡಿಸಿದಳು. ಹಗ್ಗ ಹಿಡಿದು ಸರ್ದಾರನನ್ನು ನಿಧಾನಕ್ಕೆ ಅಂಗಳದಲ್ಲಿ ಸುತ್ತು ಹಾಕಿಸಿದಳು. ಊರಿನ ಜನಾವರ ದವಾಖಾನೆಯ ಕಂಪೌಂಡರ ಬಂದು ಒಂದು ಬಾಟಲಿ ಔಷಧ ಕುಡಿಸಿ ಹೋದ. ನಾಲ್ಕು ತಾಸು ನಡೆಸಿದ ಮೇಲೆ ಸರ್ದಾರ ಒಂದು ದೊಡ್ಡ ಸದ್ದು ಮಾಡಿದ. ಖಳದಕರರು ಸ್ಕೂಟರಿನ ಟೈರು ಒಡೆಯಿತೆಂದು ಓಡಿ ಬಂದರು. ಕುದುರೆ ತಲೆ ಎತ್ತಿತು, ಕಿವಿ ನಿಮಿರಿಸಿತು. ಪಂಢರಿನಾಥರಿಗೆ ಜೀವ ಬಂದಂತಾಯಿತು.

"ನೋಡ್ರೀ ಅಣ್ಣಾರ," ಎಂದಳು ಸಕ್ಕುಬಾಯಿ, ಅವರ ಕೈ ಹಿಡಿದು ಕುದುರೆಯ ಪಕ್ಕೆಯ ಮೇಲೆ ಇಟ್ಟು. "ಪಕ್ಕಿಎಲುಬು ಕಣ್ಣಿಗಿ ಕಾಣಬಾರ್ದು, ಕೈಗಿ ಸಿಗಬೇಕು. ಕಣ್ಣಿಗಿ ಕಂಡ್ರ ಒಂದ ಹಿಡಿ ಜಾಸ್ತಿ ಹಾಕ್ರಿ. ಕೈಗಿ ಸಿಗಲಿಲ್ಲಂದ್ರ ಒಂದ ಹಿಡಿ ತೆಗೀರಿ. ಇಷ್ಟೇ ಅದ. ಈಗ ಸಿಗ್ತಾವೇನು?"

ಪಂಢರಿನಾಥರು ಒತ್ತಿ ನೋಡಿದರು. ಗಾದಿಯ ಮೇಲೆ ಕೈಯಿಟ್ಟ ಹಾಗಾಯಿತು. ಎಲುಬಿನ ಸುಳಿವೇ ಇಲ್ಲ. ತಪಾಸಣೆಗೆ ಹದಿನಾರು ದಿನ ಉಳಿದಿತ್ತು.

ಆ ಹದಿನಾರು ದಿನ ತಳೇಗಾಂವ ಒಬ್ಬ ಹೊಸ ಮನುಷ್ಯನನ್ನು ನೋಡಿತು. ಹೆಚ್ಚಿನ ಹುಲ್ಲು ಗಾಡಿ ಏರಿ ಅಡ್ಡೆಗೆ ವಾಪಸು ಹೋಯಿತು. ಒಂದಿಷ್ಟು ಕೂಲಿಯವರ ತಗಡಿನ ಪತ್ರಾಶೆಡ್ಡುಗಳ ಹಸಿ ನೆಲದ ಮೇಲೆ ಬೆಚ್ಚಗೆ ಹಾಸಿಕೊಂಡಿತು. ಪಂಢರಿನಾಥರು ಬೆಳಿಗ್ಗೆ ಐದೂವರೆಗೆ ಎದ್ದು ಸರ್ದಾರನನ್ನು ಕೆರೆಯವರೆಗೆ ನಡೆಸಿಕೊಂಡು ಹೋಗಿ ಬರುತ್ತಿದ್ದರು. ಬೆಳಿಗ್ಗೆ ಅರ್ಧ ಹೊರೆ, ಸಂಜೆ ಅರ್ಧ ಹೊರೆ. ಪ್ರತಿ ಸಲ ಹುಲ್ಲು ಹಾಕುವ ಮೊದಲು ಕಣ್ಣು ಮುಚ್ಚಿ ಪಕ್ಕೆಯ ಮೇಲೆ ಕೈ. ಒಂದು ಹಿಡಿ ತೆಗೆದಿಡುವರು, ಯೋಚಿಸುವರು, ನಾಲ್ಕು ಎಸಳು ವಾಪಸು ಹಾಕುವರು. ಬ್ಯಾಂಕಿನ ತಿಜೋರಿ ತೆಗೆಯುವವನೂ ಇಷ್ಟು ಜಾಗ್ರತೆ ಮಾಡಲಿಕ್ಕಿಲ್ಲ. ನಸುಕಿನಲ್ಲಿ ಏಳುವ ಅಭ್ಯಾಸದಿಂದ ಕಾರ್ಖಾನೆಗೆ ವೇಳೆಗೆ ಸರಿಯಾಗಿ ಹೋದರು. ಗೇಟಿನ ಗಡಿಯಾರವೇ ಹಿಂದಿದೆ ಎಂದು ಮೊದಲ ದಿನ ಮ್ಯಾನೇಜರರು ಅದನ್ನು ಏಳು ನಿಮಿಷ ಮುಂದೆ ಸರಿಸಿದರು.

ಸಂಜೆ ಮನೆಯಲ್ಲಿ ಇನ್ನೊಂದು ಪಾಠ. ನೀಲಿಮಾ ಅಪ್ಪನ ಅಂಗೈಯ ಮೇಲೆ ಒಂದು ಹುಲ್ಲಿನ ಎಸಳು ಇಡುತ್ತಿದ್ದಳು. "ಬ ಅಂದ್ರ ಅಲ್ಲಾಡಬಾರ್ದು. ಭ ಅಂದ್ರ ಹಾರಬೇಕು. ಅನ್ನು."

"ಬ."

"ಹಾರಲಿಲ್ಲ."

"ಬ್ಹ... ಬ್ಹಾ..."

"ಅಪ್ಪಾ, ಉಗುಳಬ್ಯಾಡ."

ಹತ್ತನೆಯ ದಿನ ಎಸಳು ಹಾರಿತು, ರಾಧಾಬಾಯಿಯ ಸಾರಿನಲ್ಲಿ ಬಿತ್ತು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಅಲ್ಲಿಂದ ಮುಂದೆ ಅವರ ಕಿವಿಯೂ ತೆರೆಯಿತು. ಯಾರು ಎಲ್ಲಿ ಮಹಾಪ್ರಾಣ ನುಂಗಿದರೂ ಥಟ್ಟನೆ ಹಿಡಿಯತೊಡಗಿದರು. ಹದಿನಾಲ್ಕನೆಯ ದಿನ ಬೆಳಿಗ್ಗೆ ಸರ್ದಾರನ ಪಕ್ಕೆಯ ಮೇಲೆ ಕೈಯಿಟ್ಟಾಗ, ತೊಗಲಿನ ಕೆಳಗೆ ಒಂದು, ಎರಡು, ಮೂರು ಎಂದು ಎಲುಬುಗಳು ಬೆರಳಿಗೆ ಸಿಕ್ಕವು. ಕಣ್ಣು ತೆರೆದು ನೋಡಿದರೆ ಒಂದೂ ಕಾಣಲಿಲ್ಲ. ಪಂಢರಿನಾಥರು ಸರ್ದಾರನ ಪಕ್ಕೆಯನ್ನೇ ತಬ್ಬಿಕೊಂಡರು. ತಾವು ಅವನ ಹಿಂಗಾಲಿನ ಎಷ್ಟು ಹತ್ತಿರ ನಿಂತಿದ್ದೇವೆಂದು ಅವರಿಗೆ ನೆನಪೇ ಆಗಲಿಲ್ಲ.

ತಪಾಸಣೆಯ ಹಿಂದಿನ ದಿನ ಕೃಷ್ಣಾಜಿ ಬಂದ. ಬಿಸಿಲಿಗೆ ಕಪ್ಪಾಗಿದ್ದ, ಕಾಲು ಒಡೆದಿದ್ದವು, ಹಣೆಯ ಮೇಲೆ ವಿಠ್ಠಲನ ಕಪ್ಪು ಬುಕ್ಕಿಟ್ಟು. ಮಾತಾಡದೆ ಹೋಗಿ ಕುದುರೆಯ ಪಕ್ಕೆಯ ಮೇಲೆ ಕೈಯಿಟ್ಟ. ಅಲ್ಲೇ ನಿಂತು ಎರಡೂ ಕೈ ಮುಗಿದ. ಇತ್ತ ಪಂಢರಿನಾಥರಿಗೆ, ಅತ್ತ ಪಂಢರಪುರದ ದಿಕ್ಕಿಗೆ. ಯಾವುದು ಯಾರಿಗೆ ಎಂದು ತಿಳಿಯಲಿಲ್ಲ.

ತಪಾಸಣೆ ಸಂತೆ ಮೈದಾನದಲ್ಲಿ. ಮೇಜಿನ ಹಿಂದೆ ಹೊಸ ಡಾಕ್ಟರು. ವರ್ಗವಾಗಿ ಬಂದು ತಿಂಗಳೂ ಆಗಿರಲಿಲ್ಲ. ಎದುರಿಗೆ ಫಲಕ: ಡಾ. ಈ. ಬ. ಪಾಟೀಲ. ಗಂಟುಮೋರೆ, ಕೈಯಲ್ಲಿ ಕೆಂಪು ಪೆನ್ಸಿಲು. ಎರಡು ಕುದುರೆಗಳ ಹೆಸರನ್ನು ಆಗಲೇ ಹೊಡೆದು ಹಾಕಿದ್ದರು. ಕಾಲನಿಯವರೆಲ್ಲ ನೋಡಲು ಬಂದಿದ್ದರು.

"ಪುಡಚಾ ಗೋಡಾ ಆಣಾ," ಎಂದರು ಡಾಕ್ಟರು. ಮುಂದಿನ ಘೋಡಾ, ಅಂದರೆ ಕುದುರೆ, ತನ್ನಿ ಎಂಬುದು ಅವರ ಅರ್ಥ.

"ಗೋಡಾ ಮಸಾಲಾ?" ಎಂದು ಸಾರಿನ ಮಸಾಲೆಯ ಹೆಸರು ಹೇಳಿ ಹಿಂದಿನಿಂದ ಒಬ್ಬ ಟಾಂಗಾದವ ಪಿಸುಗುಟ್ಟಿದ. ಜನ ಬಾಯಿ ಮುಚ್ಚಿಕೊಂಡು ನಕ್ಕರು. ಪಂಢರಿನಾಥರ ಕಿವಿ ನೆಟ್ಟಗಾಯಿತು.

ಡಾಕ್ಟರು ಸರ್ದಾರನ ಹಲ್ಲು ನೋಡಿದರು, ಗೊರಸು ತಟ್ಟಿದರು, ಓಡಿಸಿ ನೋಡಿದರು, ಪಕ್ಕೆಯ ಮೇಲೆ ಕೈಯಾಡಿಸಿ ತಲೆದೂಗಿದರು. ಪೆನ್ಸಿಲು ಕೆಳಗಿಟ್ಟು ನೀಲಿ ಪೆನ್ನು ಎತ್ತಿದರು. ಉಳಿದದ್ದು ಒಂದೇ ಪ್ರಶ್ನೆ. ದಿನಕ್ಕೆ ಹುಲ್ಲು ಎಷ್ಟು?

"ಭಾರಾ, ಸಾಹೇಬ," ಎಂದ ಕೃಷ್ಣಾಜಿ.

ಪೆನ್ನು ನಿಂತಿತು. "ಬಾರಾ?"

"ಹೋ, ಭಾರಾ."

ಡಾಕ್ಟರ ಮೋರೆ ಕೆಂಪಾಯಿತು. ಹನ್ನೆರಡು ಹೊರೆ ತಿನ್ನುವ ಕುದುರೆ ಭೂಮಿಯ ಮೇಲಿಲ್ಲ. ಒಂದೋ ನೀನು ಸುಳ್ಳು ಹೇಳುತ್ತೀ, ಇಲ್ಲಾ ಒಂದು ಬಿಲ್ಲೆ ತೋರಿಸಿ ಇನ್ನೂ ಹನ್ನೊಂದು ಕುದುರೆ ಎಲ್ಲೋ ಅಡಗಿಸಿಟ್ಟೀದಿ ಎಂದು ಮೇಜು ಗುದ್ದಿದರು. ಟಾಂಗಾದವರೆಲ್ಲ ಸೇರಿ "ಭಾರಾ, ಭಾರಾ!" ಎಂದು ಕೂಗಿದರು. "ಕೇಳಿಸಿತು! ಹನ್ನೆರಡು ಹನ್ನೆರಡು ಅಂತ ಎಷ್ಟು ಸಲ ಒದರ್ತೀರಿ?" ಎಂದು ಡಾಕ್ಟರು ಇನ್ನೂ ಜೋರಾಗಿ ಕೂಗಿದರು. ಬಡಪಾಯಿ ಕೃಷ್ಣಾಜಿ ಹೇಳಿದಷ್ಟೂ ಗುಂಡಿ ಆಳವಾಯಿತು.

ಅದರ ಮೇಲೆ ಖಳದಕರರು ಮುಂದೆ ನುಗ್ಗಿದರು. ಸಹಾಯ ಮಾಡಬೇಕೆಂದೇ ಬಂದ ಮನುಷ್ಯ, ಸತ್ಯವಂತ ಬೇರೆ. "ಸಾಹೇಬ, ಇವನು ಸುಳ್ಳು ಹೇಳುವವನಲ್ಲ. ದಿನಾ ಹನ್ನೆರಡು ಹೊರೆ ಬಂದದ್ದು ನಾನೇ ಕಣ್ಣಾರೆ ಕಂಡಿದ್ದೇನೆ. ನನ್ನ ಸ್ಕೂಟರೇ ಅದರ ಕೆಳಗಿತ್ತು!"

ಡಾಕ್ಟರು ಕೆಂಪು ಪೆನ್ಸಿಲು ಎತ್ತಿಕೊಂಡರು. ಕೃಷ್ಣಾಜಿ ಸರ್ದಾರನ ಹಗ್ಗ ಬಿಟ್ಟು ನೆಲದ ಮೇಲೆ ಕುಕ್ಕರಿಸಿದ.

ಆ ಇಡೀ ಮೈದಾನದಲ್ಲಿ ಏನಾಗುತ್ತಿದೆ ಎಂದು ತಿಳಿದವರು ಒಬ್ಬರೇ. ಈ ರೋಗ ಅವರಿಗೆ ಆಗಿ ಹೋಗಿತ್ತು, ಲಕ್ಷಣ ಪೂರಾ ಗೊತ್ತಿತ್ತು. ಪಂಢರಿನಾಥ ಕುದರಿಯವರು ಪಾಯಜಾಮದ ದಾರ ಬಿಗಿದುಕೊಂಡು ಮೇಜಿನ ಹತ್ತಿರ ಹೋದರು. ಮೆಲ್ಲಗೆ, ಅಚ್ಚ ಕನ್ನಡದಲ್ಲಿ ಕೇಳಿದರು:

"ಸಾಹೇಬ್ರ, ಊರು ಯಾವುದ್ರೀ ನಿಮ್ಮದು?"

"ಗಡಿ ಮ್ಯಾಲಿನ ಜತ್ತರೀ," ಎಂದುಬಿಟ್ಟರು ಡಾಕ್ಟರು. ಎಂದ ಮೇಲೆ ಬೆಚ್ಚಿ ನೋಡಿದರು. "ನೀವು ಕನ್ನಡದವರ?"

"ಧಾರವಾಡ ಕಡೇದವ್ರು. ಈ. ಬ. ಅಂದ್ರ...?"

"ಈರಬಸಪ್ಪ."

"ನೋಡ್ರೀ ಈರಬಸಪ್ಪನವರ, ಈ ಮಂದಿ ಹನ್ನೆರಡು ಅಂದಿಲ್ಲ. ಅವರು ಅಂದದ್ದು," ಪಂಢರಿನಾಥರು ಎದೆ ತುಂಬ ಉಸಿರೆಳೆದುಕೊಂಡರು, "ಭಾರಾ!"

ಮೇಜಿನ ಮೇಲಿನ ಮೂರು ಕಾಗದ ಹಾರಿದವು. ಸರ್ದಾರ ಎರಡು ಹೆಜ್ಜೆ ಹಿಂದೆ ಸರಿದ.

"ಅಂದ್ರ ಹೊರಿ. ದಿನಕ್ಕ ಒಂದ ಹೊರಿ."

ಡಾಕ್ಟರು ಕಾಗದ ನೋಡಿದರು, ಕುದುರೆ ನೋಡಿದರು. ಗಂಟು ಹಾಕಿದ ಆ ಮೋರೆ ನಿಧಾನಕ್ಕೆ ಸಡಿಲಾಯಿತು. "ಅಯ್ಯ ಶಿವನ! ಹಂಗಾದ್ರ ಮೊನ್ನೆ ನಾನು ವಡಗಾವದಾಗ ಆ ಎಮ್ಮಿ ಯಜಮಾನಗ ದಂಡ ಹಾಕಿದ್ನಲ್ರೀ!" ಎಂದು ಬಾಯಿಗೆ ಕೈ ಹಚ್ಚಿಕೊಂಡರು. ಆಮೇಲೆ ತಡೆಯಲಾರದೆ ನಕ್ಕರು, ಪಂಢರಿನಾಥರೂ ನಕ್ಕರು. ಸುತ್ತ ನಿಂತ ಮರಾಠಿ ಜನ ಇದೇನೋ ಮಂತ್ರ ನಡೆದಿದೆ ಎಂದು ಬಾಯಿ ತೆರೆದು ನೋಡಿದರು.

"ಕುದುರಿ ನೋಡಿಕೊಂಡವರು ಯಾರ್ರೀ? ಪಕ್ಕಿ ಅಗದೀ ಬರೋಬ್ಬರಿ ಅದಾವು. ಇಷ್ಟ ಹದದ ಕುದುರಿ ನಾ ಈ ವರ್ಷ ನೋಡಿಲ್ಲ."

ಆರು ವರ್ಷದಲ್ಲಿ ಮೊದಲ ಸಲ ಪಂಢರಿನಾಥರ ಬಾಯಲ್ಲಿ ಅಜ್ಜ ಬರಲಿಲ್ಲ. "ನಾನರೀ. ಕಲಿಸಿದಾಕಿ ನಮ್ಮ ಸಕ್ಕುಬಾಯಿ," ಎಂದರು.

ಠಪ್ಪೆಂದು ಠಸ್ಸೆ ಬಿತ್ತು. ಹೊಳೆಯುವ ಹೊಸ ಬಿಲ್ಲೆ ಕೃಷ್ಣಾಜಿಯ ಕೈಗೆ ಬಂತು. ಆಮೇಲಿನ ಗದ್ದಲ ಕೇಳಬೇಡಿ. ಖಳದಕರರೇ ಪಂಢರಿನಾಥರನ್ನು ಹೆಗಲು ಕೊಟ್ಟು ಟಾಂಗಾ ಹತ್ತಿಸಿದರು. ಮಹಿಳಾ ಮಂಡಳದವರು ಗುಲಾಲು ಹಾರಿಸಿದರು. ಮೆರವಣಿಗೆ ಹೊಸ ಬಿಲ್ಡಿಂಗಿನ ಮುಂದೆ ನಿಂತಾಗ, ಪಂಢರಿನಾಥರು ಹಟ ಹಿಡಿದು ಸಕ್ಕುಬಾಯಿಯನ್ನು ಮುಂದಿನ ಸೀಟಿಗೆ ಕರೆದರು. ಅವಳು ತಲೆಯ ಸಿಂಬೆ ಬಿಚ್ಚಿ ಮುಕಾದಮನ ಕೈಗೆ ಕೊಟ್ಟು, ಹತ್ತಿ ಕೂತಳು.

ಲಗಾಮು ಎಳೆಯುವ ಮೊದಲು ಕೃಷ್ಣಾಜಿಗೆ ತಡೆಯಲಾಗಲಿಲ್ಲ. ಹಿಂದೆ ತಿರುಗಿ ಕೇಳಿದ, "ಸಾಹೇಬ, ಒಂದು ಮಾತು. ಆ ಡಾಕ್ಟರಿಗೆ ನೀವು ಅಂಥದ್ದೇನು ಹೇಳಿದಿರಿ?"

ಪಂಢರಿನಾಥರು ಕಾಲಮೇಲೆ ಕಾಲು ಹಾಕಿದರು. ಗುಲಾಲು ಒರೆಸಿಕೊಂಡರು. ಬಹಳ ಗಂಭೀರವಾಗಿ ಹೇಳಿದರು:

"ಅದು ಕುದುರೆ ಶಾಸ್ತ್ರದ ಭಾಳ ಸೂಕ್ಷ್ಮ ವಿಷಯ, ಕೃಷ್ಣಾಜಿ. ಮರಾಠಿಯಲ್ಲಿ ಹೇಳಲಿಕ್ಕೆ ಬರುವುದಿಲ್ಲ."